ಒಂದು ಟಕ್ ಅಂದರೆ ಆರಾಮ

ಮಧ್ಯಾಹ್ನ ಒಂದೂ ಹತ್ತು ಆಯಿತೆಂದರೆ ಆಮ್ರಪಾಲಿ ಯಾರ ಮಾತನ್ನೂ ಕೇಳುವುದಿಲ್ಲ. ಹುಕ್ಕೇರಿಯ ಆ ನರ್ಸಿಂಗ್ ಹೋಮಿನಲ್ಲಿ ಡಾಕ್ಟರೇ ಕರೆಯಲಿ, ಮೂರನೇ ಬೆಡ್ಡಿನ ಮುದುಕ "ಸಿಸ್ಟರ್, ಸಿಸ್ಟರ್" ಎಂದು ಜೀವ ತಿನ್ನಲಿ, ಆ ಐದು ನಿಮಿಷ ಮಾತ್ರ ಅವಳದು. ಊಟದ ಡಬ್ಬಿಯನ್ನು ಬಿಚ್ಚದೆ ಬದಿಗಿಟ್ಟು, ಔಷಧಿ ಕೋಣೆಯ ಕಿಟಕಿಯ ಹತ್ತಿರ ನಿಂತು ನಾಗನೂರಿನ ಮನೆಗೆ ಫೋನು ಹಚ್ಚುತ್ತಾಳೆ. ಎರಡು ವರ್ಷ ಮೂರು ತಿಂಗಳಿಂದ ಇದು ಒಂದು ದಿನವೂ ತಪ್ಪಿಲ್ಲ.

ಅತ್ತ ಫೋನು ಬಾರಿಸುತ್ತದೆ. ಮೂರನೆಯದೋ ನಾಲ್ಕನೆಯದೋ ರಿಂಗಿಗೆ ಅವಳಪ್ಪ ಹನಮಂತ ಎಡಗೈಯಿಂದ ರಿಸೀವರ್ ಎತ್ತುತ್ತಾನೆ. ಎತ್ತಿದವನು ಹಲೋ ಅನ್ನುವುದಿಲ್ಲ, ಅನ್ನಲಿಕ್ಕೆ ಬರುವುದಿಲ್ಲ. ಲಕ್ವ ಹೊಡೆದ ದಿನ ಬಲಗೈ ಹೋಯಿತು, ಬಲಗಾಲು ಹೋಯಿತು, ಅವುಗಳ ಬೆನ್ನಿಗೆ ಮಾತೂ ಹೋಯಿತು. ಕಿವಿ ಮಾತ್ರ ಮೊದಲಿನಂತೆಯೇ ಚುರುಕು.

"ಅಪ್ಪಾ, ಆರಾಮ ಅದಿ?"

ಟಕ್.

"ಉಂಡಿ?"

ಟಕ್.

"ಗುಳಿಗಿ ತಗೊಂಡಿ?"

ಟಕ್ ಟಕ್.

"ನೋಡು ಮತ್ತ! ದಿನಾ ಹೇಳಬೇಕ ನಿನಗ? ಬಾಜೂಕ ಐತಿ ನೋಡು, ಬಟ್ಟಲದಾಗ. ತಗೊ. ನಾ ಫೋನ್ ಹಿಡದಿರ್ತೇನಿ."

ಒಂದು ಟಕ್ ಅಂದರೆ ಹೌದು, ಆರಾಮ. ಎರಡು ಅಂದರೆ ಇಲ್ಲ. ಕೊನೆಗೆ ರಿಸೀವರಿನ ತೂತುಗಳ ಮೇಲೆ ಉಗುರಿನಿಂದ ಗರ್ರ್ ಎಂದು ಒಮ್ಮೆ ಕೆರೆದರೆ, 'ಆತು, ಇಡು, ನಿನ್ನ ಕೆಲಸ ನೋಡಿಕೋ' ಎಂದರ್ಥ. ಇದನ್ನು ಯಾರೂ ಕಲಿಸಿದ್ದಲ್ಲ. ಆಸ್ಪತ್ರೆಯಿಂದ ಅವನನ್ನು ಮನೆಗೆ ತಂದ ಮೊದಲ ತಿಂಗಳು ಆಮ್ರಪಾಲಿ ಫೋನು ಹಚ್ಚಿ ತಾನೊಬ್ಬಳೇ ಮಾತಾಡಿ, ತಾನೊಬ್ಬಳೇ ಅತ್ತು ಇಡುತ್ತಿದ್ದಳು. ಒಂದು ದಿನ ಅಳುವಿನ ನಡುವೆ ಆ ಕಡೆಯಿಂದ ಟಕ್ ಎಂದು ಕೇಳಿತು. "ಅಪ್ಪಾ, ನೀನಾ?" ಎಂದರೆ ಮತ್ತೆ ಟಕ್. ಅವತ್ತು ಔಷಧಿ ಕೋಣೆಯಲ್ಲಿ ಒಬ್ಬಳೇ ನಿಂತು ನಕ್ಕಿದ್ದಳು. ಆಯಾ ಬಂದು ನೋಡಿ, ಈ ಸಿಸ್ಟರಿಗೆ ಏನೋ ಆಗಿದೆ ಎಂದುಕೊಂಡು ಹೋಗಿದ್ದಳು.

ಹನಮಂತನಿಗೆ ಈ ಟಕ್ ಹೊಸದೇನಲ್ಲ. ಇಪ್ಪತ್ತಾರು ವರ್ಷ ಅವನು ಟೆಲಿಫೋನು ಲೈನಿನ ಮೇಲೆ ದಿನಗೂಲಿ ಮಾಡಿದವನು. ಗೋಕಾಕದಿಂದ ಮೂಡಲಗಿಯವರೆಗೆ ಅವನು ಹತ್ತದ ಕಂಬವಿಲ್ಲ, ತೋಡದ ಕೇಬಲ್ ಗುಂಡಿಯಿಲ್ಲ. ಕಾಯಂ ಮಾಡುತ್ತೇವೆ ಎಂದು ಹೇಳಿ ಹೇಳಿ ಬಂದ ಸಾಹೇಬರೆಲ್ಲ ತಾವೇ ನಿವೃತ್ತರಾಗಿ ಹೋದರೇ ಹೊರತು ಹನಮಂತ ಕಾಯಂ ಆಗಲಿಲ್ಲ. ಲೈನು ಜೋಡಿಸಿದ ಮೇಲೆ ಕಂಬದ ಮೇಲಿದ್ದವನು ಟೆಸ್ಟ್ ಫೋನಿನ ಬಾಯಿಗೆ ಉಗುರಿನಿಂದ ಟಕ್ ಎನ್ನಿಸಿ "ಬಂತಾ?" ಎಂದು ಕೇಳಬೇಕು. ಆ ತುದಿಯವನು "ಬಂತು" ಎಂದರೆ ಲೈನಿಗೆ ಜೀವ ಬಂದಂತೆ. ಮನೆಯ ಲೈನು ಎಳೆದ ದಿನ ಆ ತುದಿಯಲ್ಲಿ ಕೂತವಳು ಆರು ವರ್ಷದ ಆಮ್ರಪಾಲಿ. ಅಪ್ಪ ಕಂಬದ ಮೇಲಿಂದ "ಬಂತಾ ಯವ್ವಾ?" ಎಂದಾಗ, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಓಣಿಗೆಲ್ಲ ಕೇಳುವಂತೆ "ಬಂತಪೋ, ಬಂತು!" ಎಂದು ಕೂಗಿದ್ದಳು.

ಆ ಓಣಿಯಲ್ಲಿ ಅದೇ ಮೊದಲ ಫೋನು. ಊರಿನ ದೊಡ್ಡ ಮನೆಗಳು ಅವನ ಜನರನ್ನು ಕಟ್ಟೆಯ ಕೆಳಗೇ ನಿಲ್ಲಿಸಿ ಮೇಲಿಂದ ನೀರು ಹೊಯ್ಯುತ್ತಿದ್ದ ದಿನಗಳವು. ಅಂಥ ಮನೆಗಳಿಗೂ ಫೋನು ಬೇಕಾಯಿತು. ಫೋನು ಬೇಕಾದರೆ ವಾಯರು ಒಳಗೆ ಹೋಗಬೇಕು, ವಾಯರಿನ ಹಿಂದೆ ಹನಮಂತನೂ ಹೋಗಬೇಕು. "ದೇವರ ಖೋಲಿ ಬಾಜೂಕ ಫೋನ್ ಬೇಕಂದ್ರ ನಾನೂ ಅಲ್ಲೀತನಕ ಬರಬೇಕಲ್ರಿ ಗೌಡ್ರ?" ಎಂದು ಹಲ್ಲು ಕಿಸಿದು ಕೇಳುತ್ತಿದ್ದನಂತೆ. ಮನೆಗೆ ಬಂದು ಬಾಬಾಸಾಹೇಬರ ಫೋಟೋದ ಕೆಳಗೆ ಕೂತು ಊಟ ಮಾಡುವಾಗ, ಯಾವ ಮನೆಯ ಅಡುಗೆಮನೆಯಲ್ಲಿ ಎಷ್ಟು ಹಂಡೆ ಇವೆ, ಯಾರ ದೇವರ ಕೋಣೆಯಲ್ಲಿ ಜೇಡ ಬಲೆ ಕಟ್ಟಿದೆ ಎಂದು ಹೆಂಡತಿ ಸತ್ತೆವ್ವನಿಗೆ ವರದಿ ಒಪ್ಪಿಸುತ್ತಿದ್ದ. ಮಾತೆಂದರೆ ಅಷ್ಟು ಪ್ರೀತಿ ಇದ್ದ ಮನುಷ್ಯ.

ಅಂಥವನ ಬಾಯಿಂದ ಈಗ ಹೊರಡುವುದು ಒಂದೇ ಒಂದು ಸದ್ದು, ಗಂಟಲಿನಿಂದ ಎಳೆದು ತೆಗೆದಂಥದ್ದು. ಆಸ್ಪತ್ರೆಯಲ್ಲಿ ಮೊದಲ ಸಲ ಮಾತಾಡಲು ಹೋಗಿ ಅದು ಹೊರಟಾಗ ಪಕ್ಕದ ಬೆಡ್ಡಿನ ಪುಟ್ಟ ಹುಡುಗಿ ಹೆದರಿ ಕಿಟಾರನೆ ಚೀರಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿದಳು. ಹನಮಂತ ಬಾಯಿ ಮುಚ್ಚಿದ. ಮುಚ್ಚಿದ್ದು ಮುಚ್ಚಿದ್ದೇ. ಡಾಕ್ಟರು, "ಆ, ಊ ಅಂತ ದಿನಾ ಪ್ರಯತ್ನ ಮಾಡಸ್ರಿ" ಎಂದು ಹೇಳಿದ್ದರು. ಆಮ್ರಪಾಲಿ ಆ ಮಾತು ಎತ್ತಿದರೆ ಸಾಕು, ಅವನು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ. ಬಾಯಿಂದ ಆಗದ್ದನ್ನು ಉಗುರು ಮಾಡುತ್ತಿತ್ತಲ್ಲ, ಅವಳೂ ಸುಮ್ಮನಾಗಿದ್ದಳು.

ಹೀಗಿರುವಾಗ ಹಳೆಯ ಲೈನು ಬಂದ್ ಆಗುತ್ತದೆ ಎಂಬ ಸುದ್ದಿ ಬಂತು. ತಾಮ್ರದ ವಾಯರಿನ ಕಾಲ ಮುಗಿಯಿತು, ತಿಂಗಳೊಪ್ಪತ್ತಿನಲ್ಲಿ ಎಲ್ಲ ಕಟ್. ಹೊಸ ಗಾಜಿನೆಳೆಯ ಲೈನು ತೆಗೆದುಕೊಂಡರೆ ಇದೇ ನಂಬರು ಉಳಿಯುತ್ತದೆ. ಮೊಬೈಲು ಕೊಟ್ಟು ನೋಡಿದ್ದೂ ಆಗಿತ್ತು. ಕಂಬ ಹತ್ತಿ ಹತ್ತಿ ಜಡ್ಡುಗಟ್ಟಿದ ಅವನ ಬೆರಳಿಗೆ ಆ ಪರದೆ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ಒಂದು ದಿನ ಸಿಟ್ಟಿಗೆದ್ದು ಅದನ್ನು ಹೊರಸಿನ ಕೆಳಗೆ ಒಗೆದಿದ್ದ. ಹಾಗಾಗಿ ಹೊಸ ಲೈನೇ ಗತಿ ಎಂದು ಆಮ್ರಪಾಲಿ ತೀರ್ಮಾನ ಮಾಡಿದಳು. ತೀರ್ಮಾನ ಅವಳದೇ, ನೆನಪಿರಲಿ. ಮುಂದೆ ಅವಳ ಎದೆಗೆ ಚುಚ್ಚಿದ್ದೂ ಅದೇ.

ಭಾನುವಾರ ಅವಳು ನಾಗನೂರಿಗೆ ಹೋಗಿ ಎದುರಿಗೇ ನಿಂತು ಕೆಲಸ ಮಾಡಿಸಿದಳು. ಮೂಡಲಗಿಯಿಂದ ಮಲ್ಲೇಶ ಎಂಬ ಕಂತ್ರಾಟಿನವನು ಬಂದ, ಗೋಡೆಗೆ ಬಿಳಿ ಡಬ್ಬಿ ಬಡಿದ, ಹಸಿರು ದೀಪ ಮಿಣಮಿಣ ಅಂದವು. ಆಮ್ರಪಾಲಿ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ನಂಬರ್ ಇದೇ ಇರ್ತೈತಾ? ಕರೆಂಟ್ ಹೋದ್ರ? ಗುಡುಗಿದ್ರ? "ಬ್ಯಾಟರಿ ಕೊಟ್ಟೇನಿ ಅಕ್ಕಾರ, ಆರು ತಾಸು ಚಿಂತಿ ಇಲ್ಲ" ಎಂದ ಮಲ್ಲೇಶ. ಅಂಗಳಕ್ಕೆ ಹೋಗಿ ತನ್ನ ಮೊಬೈಲಿನಿಂದ ಫೋನು ಹಚ್ಚಿದ. ಸತ್ತೆವ್ವ ಎತ್ತಿ "ಹಲೋ, ಯಾರು?" ಎಂದಳು, ಅಂಗಳದಲ್ಲೇ ಇದ್ದವನನ್ನು! "ಏ, ಏನ್ ಛಂದ ಕೇಳತೈತಿ, ಬಾಜೂಕ ನಿಂತ ಮಾತಾಡಿದಂಗ" ಎಂದು ಖುಷಿಪಟ್ಟಳು. ಆಮ್ರಪಾಲಿಯೂ ಹಲೋ ಎಂದಳು. ಎಲ್ಲರೂ ಹಲೋ ಎಂದರು.

ಹನಮಂತ ಹೊರಸಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. ಎಲ್ಲ ಮುಗಿದ ಮೇಲೆ ಕೈ ಚಾಚಿ ರಿಸೀವರ್ ಇಸಿದುಕೊಂಡು ಅದರ ಬಾಯಿಗೆ ಟಕ್ ಎನ್ನಿಸಿದ. ಆಮ್ರಪಾಲಿಯ ಕೈಯಲ್ಲಿದ್ದ ಮೊಬೈಲಿನ ಕಡೆ ಕೈ ತೋರಿಸಿದ, ಮತ್ತೆ ಟಕ್ ಎನ್ನಿಸಿದ. ಮಲ್ಲೇಶನ ತೋಳು ಜಗ್ಗಿದ. "ಹೂಂ ಅಪ್ಪಾ, ನಾಳಿಯಿಂದ ಇದಕ್ಕ ಫೋನ್ ಹಚ್ಚತೇನಿ" ಎಂದು ಅವಳು ಅವನ ಭುಜ ತಟ್ಟಿದಳು. ಅವನು ಇನ್ನೊಂದು ಸಲ ಕೈ ತೋರಿಸಿದ. ಮಲ್ಲೇಶನಿಗೆ ಇನ್ನೂ ಎರಡು ಮನೆಯ ಕೆಲಸ ಇತ್ತು, ಹೋದ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಆಮ್ರಪಾಲಿ ಹುಕ್ಕೇರಿಗೆ ಬಂದಳು. ಒಂದೂ ಹತ್ತಕ್ಕೆ ಫೋನು ಹಚ್ಚಿದಳು.

ನಾಲ್ಕನೆಯ ರಿಂಗಿಗೆ ಎತ್ತಿದ ಸದ್ದಾಯಿತು.

"ಅಪ್ಪಾ, ಆರಾಮ ಅದಿ?"

ಏನೂ ಇಲ್ಲ.

"ಅಪ್ಪಾ?"

ಹಳೆಯ ಲೈನಿನಲ್ಲಿ ಯಾರೂ ಮಾತಾಡದಿದ್ದರೂ ಸುಯ್ ಎಂಬ ಸದ್ದು ಇರುತ್ತಿತ್ತು, ಹಿತ್ತಲ ಕೋಳಿ ಕೇಳುತ್ತಿತ್ತು, ಅಪ್ಪನ ಉಸಿರು ಕೇಳುತ್ತಿತ್ತು. ಇದರಲ್ಲಿ ಅದು ಯಾವುದೂ ಇಲ್ಲ. ಫೋನು ಕಟ್ಟಾಯಿತೇ ಎಂದು ಪರದೆ ನೋಡಿದಳು, ಸೆಕೆಂಡುಗಳು ಓಡುತ್ತಿದ್ದವು. "ಅಪ್ಪಾ, ಕೇಳಾಕತ್ತೈತಿ? ಒಮ್ಮೆ ಟಕ್ ಅನ್ನು. ಅಪ್ಪಾ, ಟಕ್ ಅನ್ನೋ!" ದನಿ ಏರಿತು, ಮೂರನೇ ಬೆಡ್ಡಿನ ಮುದುಕ ಕೂಡ ತನ್ನ ಗೋಳು ನಿಲ್ಲಿಸಿದ. ಇಟ್ಟು ಮತ್ತೆ ಹಚ್ಚಿದಳು. ಬ್ಯುಸಿ. ಮತ್ತೆ ಹಚ್ಚಿದಳು, ಬ್ಯುಸಿ. ಫೋನು ಎತ್ತಿದ್ದಾನೆ, ಉತ್ತರವಿಲ್ಲ, ರಿಸೀವರ್ ತಿರುಗಿ ಇಟ್ಟಿಲ್ಲ. ಅಂದರೆ ಎತ್ತಿದ ಕೈ ಅಲ್ಲೇ ಬಿದ್ದಿದೆ.

ನರ್ಸಾಗಿರುವುದರ ಕರ್ಮ ಇದೇ ನೋಡಿ. ಬೇರೆಯವರಾದರೆ ಏನೋ ಆಗಿರಬೇಕು ಎಂದು ಹೆದರುತ್ತಾರೆ. ಅವಳಿಗೆ ಏನಾಗಿದೆ ಎಂಬುದು ಹೆಸರು ಸಮೇತ ಗೊತ್ತು. ಎರಡನೇ ಸಲ ಲಕ್ವ. ಹೊಡೆದ ನಾಲ್ಕೂವರೆ ತಾಸಿನೊಳಗೆ ಇಂಜೆಕ್ಷನ್ ಬೀಳಬೇಕು, ಆಮೇಲೆ ದೇವರೇ ಬಂದರೂ ಅಷ್ಟೆ. ಒಂದೂ ಹತ್ತರಿಂದ ನಾಲ್ಕೂವರೆ ತಾಸು ಅಂದರೆ ಐದೂ ನಲವತ್ತು. ನಾಗನೂರಿನಿಂದ ಗೋಕಾಕಕ್ಕೆ, ಸ್ಕ್ಯಾನಿಗೆ, ಅದಕ್ಕೆ ಇದಕ್ಕೆ ಒಂದು ತಾಸು ಬೇಕು. ಹಾಗಾದರೆ ನಾಲ್ಕೂವರೆಗೆ ಅವನನ್ನು ಮನೆಯಿಂದ ಎತ್ತಲೇಬೇಕು.

ಅವ್ವನ ಮೊಬೈಲಿಗೆ ಹಚ್ಚಿದಳು, ಸ್ವಿಚ್ ಆಫ್. ಸತ್ತೆವ್ವ ಮಂದಿಯ ಹೊಲದ ಕೆಲಸಕ್ಕೆ ಹೋಗುವಾಗ ಮೊಬೈಲನ್ನು ಹಿಟ್ಟಿನ ಡಬ್ಬಿಯ ಮೇಲೆ ಬಿಟ್ಟು ಹೋಗುತ್ತಾಳೆ, ಕೆಸರಿಗೆ ಬಿದ್ದರೆ ಎಂದು. ಗಂಡ ಸುಶಾಂತನಿಗೆ ಹಚ್ಚಿದಳು. ಅವನು ನಿಡಸೋಸಿಯ ಕಾಲೇಜಿನ ಲ್ಯಾಬಿನಲ್ಲಿದ್ದಾನೆ, ಪರೀಕ್ಷೆಯ ಡ್ಯೂಟಿ, ಎತ್ತಲಿಲ್ಲ. ಕೊನೆಗೆ ಪಕ್ಕದ ಮನೆಯ ಖಂಡೆಪ್ಪ ಎತ್ತಿದ.

"ಕಾಕಾ, ಲಗೂನ ನಮ್ಮ ಮನಿಗೆ ಹೋಗಿ ಅಪ್ಪನ್ನ ನೋಡ್ರಿ. ಫೋನ್ ಎತ್ತಿ ಸುಮ್ಮನ ಅದಾನ."

"ಎತ್ತಿ ಸುಮ್ಮನಿರದ ಮಾತಾಡತಾನೇನವಾ ಅಂವ?"

"ಕಾಕಾ, ಚಾಷ್ಟಿ ಮಾಡಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ!"

ಆ ದನಿ ಕೇಳಿ ಖಂಡೆಪ್ಪನ ನಗು ಆರಿತು. ಆಮ್ರಪಾಲಿ ಡಾಕ್ಟರಿಗೆ ಹೇಳಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಬಿಳಿ ಕೋಟಿನಲ್ಲೇ ಬಸ್ ಸ್ಟ್ಯಾಂಡಿಗೆ ಓಡಿ ಗೋಕಾಕದ ಬಸ್ಸಿಗೆ ನುಗ್ಗಿದಳು. ಡಬ್ಬಿ ಔಷಧಿ ಕೋಣೆಯಲ್ಲೇ ಉಳಿಯಿತು.

ಬಸ್ಸು ಹುಕ್ಕೇರಿ ದಾಟುವಷ್ಟರಲ್ಲಿ ಖಂಡೆಪ್ಪನ ಫೋನು ಬಂತು. "ಯವ್ವಾ, ಮನಿಗೆ ಕೀಲಿ ಐತಿ. ಕಿಡಕಿ ಹಾಕೇತಿ. ನಾಕ ಸಲ ಒದರಿದೆ, ಒಳಗ ಫ್ಯಾನ್ ಸಪ್ಪಳ ಅಷ್ಟ."

ಕೀಲಿ ಹಾಕುವ ರೂಢಿ ಸತ್ತೆವ್ವನದು. ಒಂದು ಸಲ ಹನಮಂತ ತೆವಳಿ ಹೊಸ್ತಿಲು ದಾಟಲು ಹೋಗಿ ಬಿದ್ದು ಹಣೆ ಒಡೆದುಕೊಂಡಿದ್ದ. ಅಂದಿನಿಂದ ಹೊರಗಿಂದ ಕೀಲಿ ಜಡಿದು ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋಗುತ್ತಾಳೆ.

"ಒಡೀರಿ ಕಾಕಾ, ಕೀಲಿ ಒಡೀರಿ."

"ನೋಡಿದೆ ತಂಗಿ, ಕಲ್ಲಿಲೆ ಹೊಡದೆ. ನಿಮ್ಮಪ್ಪ ಟೆಲಿಫೋನ್ ಪೆಟ್ಟಿಗಿಗೆ ಹಾಕತಿದ್ದ ಹಿತ್ತಾಳಿ ಕೀಲಿ ಅದು, ನಾ ಮುರದೇನು, ಅದು ಮುರಿಯೂದಿಲ್ಲ. ನಿಮ್ಮವ್ವ ಎಲ್ಲಿ ಹೋಗ್ಯಾಳ ಹೇಳು, ಹುಡುಕ್ಯಾಡಿ ತರ್ತೇನಿ."

"ಕಲ್ಲೋಳಿ ಕಡೆ ಯಾರದೋ ಕಬ್ಬಿನ ಹೊಲ ಅಂದಿದ್ಲು. ಯಾರದು ಗೊತ್ತಿಲ್ಲ ಕಾಕಾ."

"ಕಲ್ಲೋಳಿ ಕಡೆ ಕಬ್ಬಿನ ಹೊಲ ಬಿಟ್ಟು ಬ್ಯಾರೇ ಏನೈತವಾ?" ಎಂದ ಖಂಡೆಪ್ಪ. ಆದರೂ ಗಾಡಿ ಚಾಲೂ ಮಾಡಿದ ಸದ್ದು ಕೇಳಿತು. ಆಮೇಲೆ ಅವನ ಫೋನೂ ನಾಟ್ ರೀಚೆಬಲ್.

ಕಬ್ಬಿನ ಹಂಗಾಮಿನಲ್ಲಿ ಆ ದಾರಿಯ ಅವಸ್ಥೆ ಕೇಳಬೇಡಿ. ಘಟಪ್ರಭಾದ ಹತ್ತಿರ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಒಂದರಲ್ಲಿ ಹಾಡು ಹಚ್ಚಿದ್ದರು, ಡ್ರೈವರು ಇಳಿದು ಕಬ್ಬು ಮುರಿದು ತಿನ್ನುತ್ತಿದ್ದ. ಎರಡೂ ಇಪ್ಪತ್ತೈದು. ಬಸ್ಸಿನ ತುಂಬ ಹೆಣ್ಣುಮಕ್ಕಳು, ಚೀಲ, ಕೂಸುಗಳು. ಕಂಡಕ್ಟರ್ ಬಂದು "ಆಧಾರ ತೋರಸ್ರಿ" ಎಂದ. ಪರ್ಸು ಡಬ್ಬಿಯ ಜೊತೆಗೇ ಉಳಿದಿದೆ ಎಂಬುದು ಆಗ ಹೊಳೆಯಿತು. "ಇಲ್ರಿ. ನಮ್ಮಪ್ಪಗ ಭಾಳ ಸೀರಿಯಸ್ ಐತ್ರಿ" ಎಂದವಳಿಗೆ ಆ ಮಾತು ತನ್ನ ಬಾಯಿಂದಲೇ ಕೇಳಿ ಅಳು ಉಕ್ಕಿತು. ಕಂಡಕ್ಟರ್ ಅವಳ ಕೋಟು ನೋಡಿದ, ಮುಖ ನೋಡಿದ, ಟಿಕೀಟು ಹರಿದು ಕೈಗಿಟ್ಟು ಮುಂದೆ ಹೋದ. ಪಕ್ಕದಲ್ಲಿ ಕೂತ ಅಜ್ಜಿ ಕೆಂಪವ್ವ, ದಡ್ಡಿ ಎಂಬ ಊರಿನವಳಂತೆ, ಹೆಸರು ಊರು ಕೇಳುವ ಮೊದಲೇ ಹೇಳಿದ್ದಳು, ಸೆರಗಿನಿಂದ ಇವಳ ಕಣ್ಣು ಒರೆಸಿ, "ಏನೂ ಆಗಿರೂದಿಲ್ಲ ಬಿಡವಾ, ನೀರು ಕುಡಿ" ಎಂದು ಬಾಟಲಿ ಕೊಟ್ಟಳು.

ಐದು ನಿಮಿಷಕ್ಕೊಮ್ಮೆ ಮನೆಗೆ ಹಚ್ಚುತ್ತಿದ್ದಳು. ಬ್ಯುಸಿ, ಬ್ಯುಸಿ. ನನಗೆ ಯಾಕೆ ಬೇಕಿತ್ತು, ಎಂದು ತನ್ನನ್ನೇ ಬೈದುಕೊಂಡಳು. ಹೊಸ ಡಬ್ಬಿಯ ಶಾಕ್ ಏನಾದರೂ ಹೊಡೆಯಿತೇ? ಫೋನು ಇಡುವ ಸ್ಟೂಲನ್ನು ಮಲ್ಲೇಶ ಒಂದು ಮೊಳ ಆಚೆ ಸರಿಸಿದ್ದ. ಅದಕ್ಕೆ ಬಾಗಲು ಹೋಗಿ ಬಿದ್ದನೇ? ಹಳೆಯ ಲೈನಿಗೆ ಇನ್ನೂ ಹದಿನೈದು ದಿನ ಆಯುಷ್ಯವಿತ್ತು, ಅವಸರ ಮಾಡಿದವಳು ತಾನೇ. ಫೋನು ಬಾರಿಸಿದಾಗಲೇ ಅವನಿಗೆ ಹೊಡೆದಿದ್ದರೆ ಹೊಡೆಸಿದ್ದು ತನ್ನ ಫೋನೇ ಅಲ್ಲವೇ ಎಂಬಲ್ಲಿಗೂ ಮನಸ್ಸು ಹೋಯಿತು. ಹೆದರಿದ ಮನಸ್ಸಿಗೆ ಹಗ್ಗ ಹಾಕುವವರು ಯಾರು?

ಗೋಕಾಕ ಮುಟ್ಟಿದಾಗ ಮೂರೂ ಐದು. ಮೂಡಲಗಿ ಬಸ್ಸು ಆಗಷ್ಟೇ ಸ್ಟ್ಯಾಂಡು ಬಿಟ್ಟು ಹೊರಳುತ್ತಿತ್ತು. ಆಮ್ರಪಾಲಿ ಅದರ ಬಾಗಿಲು ಬಡಿಯುತ್ತ ಕರದಂಟಿನ ಅಂಗಡಿಗಳ ಮುಂದೆ ಓಡಿದಳು. ಜನ ನಿಂತು ನೋಡಿದರು. ಡ್ರೈವರು ಬೈಯುತ್ತಲೇ ನಿಲ್ಲಿಸಿದ. ಆ ರಸ್ತೆಯ ಬದಿಗೆ ಅಪ್ಪ ಹತ್ತಿದ ಕಂಬಗಳು ಅಲ್ಲೊಂದು ಇಲ್ಲೊಂದು ಇನ್ನೂ ನಿಂತಿದ್ದವು, ಕೆಲವಕ್ಕೆ ವಾಯರೇ ಇರಲಿಲ್ಲ, ಒಂದಕ್ಕೆ ಯಾರೋ ಎಮ್ಮೆ ಕಟ್ಟಿದ್ದರು. ಮೊದಲಾದರೆ ಈ ದಾರಿಯಲ್ಲಿ ಅವನು ಅವಳಿಗೆ ಒಂದೊಂದು ಕಂಬದ ಕಥೆ ಹೇಳುತ್ತಿದ್ದ. ಈಗ ಅವಳು ಕಂಬ ಎಣಿಸದೆ ಗಡಿಯಾರ ನೋಡುತ್ತ ಕೂತಳು.

ನಾಗನೂರಿನಲ್ಲಿ ಇಳಿದಾಗ ಮೂರೂ ಐವತ್ತು. ಓಣಿಯ ತಿರುವಿನಿಂದಲೇ ಕಂಡಿತು: ಮನೆಯ ಬಾಗಿಲು ತೆರೆದಿದೆ, ಹೊರಗೆ ಐದಾರು ಜನ ನಿಂತಿದ್ದಾರೆ. ಊರಲ್ಲಿ ಒಂದು ಮನೆಯ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ಜನ ನಿಂತರೆ ಅದಕ್ಕೆ ಒಂದೇ ಅರ್ಥ. ಅವಳು ಗೋಡೆ ಹಿಡಿದುಕೊಂಡೇ ನಡೆದಳು.

ಖಂಡೆಪ್ಪ ಎದುರಿಗೆ ಬಂದು, "ಅದಾನವಾ, ಅದಾನ, ಆರಾಮ ಅದಾನ. ಹಾದಿ ಮ್ಯಾಲೆ ಅಳಬ್ಯಾಡ, ಒಳಗ ಹೋಗು" ಎಂದ.

ಹನಮಂತ ಹೊರಸಿನ ಮೇಲೆ ನೆಟ್ಟಗೆ ಕೂತಿದ್ದ. ಎಡಗೈಯಲ್ಲಿ ರಿಸೀವರ್ ಬಿಗಿಯಾಗಿ ಹಿಡಿದಿದ್ದ. ಬಡಿಯುವ ಭರದಲ್ಲಿ ಫೋನಿನ ಮೈ ನೆಲಕ್ಕೆ ಬಿದ್ದು ಹೊರಸಿನ ಹಿಂದೆ ಅಂಗಾತ ಆಗಿತ್ತು, ಒಂದೇ ಕೈಯವನಿಗೆ ಅಲ್ಲಿಗೆ ಎಟಕುವುದು ಸಾಧ್ಯವೇ ಇರಲಿಲ್ಲ. ಖಂಡೆಪ್ಪ ಹೊಲದಿಂದ ಹುಡುಕಿ ಕರೆತಂದ ಸತ್ತೆವ್ವ ಕೆಸರು ಕಾಲಿನಲ್ಲೇ ನಿಂತು, "ಬಂದಾಗಿಂದ ಹಿಂಗ ಅದಾನ ನೋಡು. ಕಸಗೊಳ್ಳಾಕ ಹೋದ್ರ ಕೈ ಒದರತಾನ, ಬಿಡವಲ್ಲ" ಎಂದಳು.

ಮಗಳನ್ನು ಕಂಡದ್ದೇ ಅವನ ಮುಖ ಒಮ್ಮೆ ಸಡಿಲಾಯಿತು, ಮರುಕ್ಷಣ ಸಿಟ್ಟಿನಿಂದ ಕೆಂಪಾಯಿತು. ರಿಸೀವರಿಗೆ ಟಕ್ ಟಕ್ ಟಕ್ ಎಂದು ಬಡಿದ, ಗೋಡೆಯ ಬಿಳಿ ಡಬ್ಬಿಯನ್ನು ತೋರಿಸಿದ, ಹಣೆ ಬಡಿದುಕೊಂಡ. ಆಗ ಅವಳು ಅವನ ಬೆರಳು ನೋಡಿದಳು. ತೋರುಬೆರಳಿನ ಉಗುರು ಬುಡದವರೆಗೆ ಸೀಳಿತ್ತು, ರಕ್ತ ಒಣಗಿ ಕಪ್ಪಾಗಿತ್ತು.

ಆಮ್ರಪಾಲಿ ಫೋನಿನ ಮೈ ಎತ್ತಿ ಸ್ಟೂಲಿನ ಮೇಲಿಟ್ಟಳು. ರಿಸೀವರನ್ನು ಅವನ ಕೈಯಿಂದ ಬಿಡಿಸಿ ಅದರ ಜಾಗದಲ್ಲಿ ಇಟ್ಟು, ಮೊಬೈಲಿನಿಂದ ಆ ನಂಬರಿಗೆ ಹಚ್ಚಿದಳು. ಬಾರಿಸಿತು. ಅವನು ಎತ್ತಿದ. ಅವಳು ಮೊಬೈಲನ್ನು ಕಿವಿಗೆ ಒತ್ತಿ, ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡಳು. ಅವನು ಒಡೆದ ಉಗುರಿನಿಂದಲೇ ಬಡಿದ. ಬೆರಳು ಏಳುವುದು, ಬೀಳುವುದು ಎರಡು ಮೊಳದಾಚೆ ಕಣ್ಣಿಗೆ ಕಾಣುತ್ತಿತ್ತು. ಕಿವಿಯಲ್ಲಿ ಏನೂ ಇಲ್ಲ. "ಯವ್ವಾ, ನೀ ಏನರ ಮಾತಾಡು ಅದರಾಗ" ಎಂದಳು. ಸತ್ತೆವ್ವ ಬಾಗಿ, "ಏನ್ ಮಾತಾಡ್ಲಿ?" ಎಂದದ್ದು ಗಂಟೆ ಬಾರಿಸಿದಂತೆ ಕೇಳಿತು.

ಮಲ್ಲೇಶನಿಗೆ ಹಚ್ಚಿ ಕೇಳಿದಳು. ಅವನು ಹೇಳಿದ: "ಅದು ಮಾತಷ್ಟ ಒಯ್ತೈತ್ರಿ ಅಕ್ಕಾರ. ಹಿಂದಿನ ಸಪ್ಪಳ ಗಿಪ್ಪಳ ಎಲ್ಲಾ ಗದ್ದಲ ಅಂತ ತಗದ ಒಗಿತೈತಿ. ಅದಕ್ಕ ಅಷ್ಟ ಕ್ಲಿಯರ್ ಕೇಳತೈತ್ರಿ."

"ಅದು ಗದ್ದಲ ಅಲ್ಲೋ ತಮ್ಮಾ. ನಮ್ಮಪ್ಪ ಮಾತಾಡೂದ ಹಂಗ."

"ಅದು ಡಬ್ಬಿಗೆ ಹೆಂಗ ತಿಳೀಬೇಕ್ರಿ? ಅದರಾಗ ಬದಲಿ ಮಾಡಾಕ ಬರ್ತೈತೋ ಇಲ್ಲೋ ಮ್ಯಾಲಿನವರನ್ನ ಕೇಳತೇನಿ. ಹಳೇ ಲೈನ್ ಅಂತೂ ಮತ್ತ ಬರೂದಿಲ್ರಿ. ನಿನ್ನಿನ ಹೇಳಿದ್ರ ನೋಡತಿದ್ವಿ. ಯಾರೂ ಹೇಳಲಿಲ್ಲಲ್ರಿ."

ಯಾರೂ ಹೇಳಲಿಲ್ಲವೇ? ಆಮ್ರಪಾಲಿಗೆ ಭಾನುವಾರ ಕಣ್ಣ ಮುಂದೆ ಬಂತು. ಅಪ್ಪ ಟಕ್ ಎನ್ನಿಸಿ ಅವಳ ಮೊಬೈಲಿನ ಕಡೆ ಕೈ ತೋರಿಸಿದ್ದು. ಮಲ್ಲೇಶನ ತೋಳು ಜಗ್ಗಿದ್ದು. 'ಬಂತಾ?' ಎಂದು ಕೇಳುತ್ತಿದ್ದನಲ್ಲ! ಇಪ್ಪತ್ತಾರು ವರ್ಷದ ಕಸುಬುದಾರ, ಹೊಸ ಲೈನು ಹಾಕಿದ ಮೇಲೆ ಮೊದಲು ನೋಡಬೇಕಾದ್ದನ್ನೇ ನೋಡಿ ಎಂದು ಮೂರು ಸಲ ಹೇಳಿದ. ಮನೆಯಲ್ಲಿ ಬಾಯಿ ಇದ್ದವರೆಲ್ಲ ಹಲೋ ಹಲೋ ಎಂದು ಪರೀಕ್ಷೆ ಮಾಡಿದರು. ಯಾರಿಗಾಗಿ ಆ ಫೋನೋ ಅವನನ್ನು ಯಾರೂ ಕೇಳಲಿಲ್ಲ. ಅವಳು ಮಾತ್ರ ಭುಜ ತಟ್ಟಿದಳು, ಕೂಸಿಗೆ ತಟ್ಟಿದಂತೆ.

ಇವತ್ತು ಅವಳು ಚೀರಿದ್ದೆಲ್ಲ ಅವನಿಗೆ ಕೇಳಿದೆ. ಟಕ್ ಅನ್ನೋ ಅಪ್ಪಾ, ಒಮ್ಮೆ ಅನ್ನು ಎಂದು ಅವಳು ಅಲ್ಲಿ ಕೂಗುತ್ತಿದ್ದರೆ, ಇಲ್ಲಿ ಅವನು ಉಗುರು ಸೀಳುವಷ್ಟು ಬಡಿದಿದ್ದಾನೆ. ಅದನ್ನು ನೆನೆದು ಅವಳಿಗೆ ತಡೆಯಲಾಗಲಿಲ್ಲ. ಅವನ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು ಕೈಯಲ್ಲಿ ಔಷಧಿ ಇಲ್ಲದ್ದಕ್ಕೆ ಅರಿಶಿನ ತರಿಸಿ ಬೆರಳಿಗೆ ಬಟ್ಟೆ ಸುತ್ತಿದಳು.

ರಜೆ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಹೊರಡುವ ಮೊದಲು ಹೊರಸಿನ ಅಂಚಿಗೆ ಕೂತು ಹೆದರುತ್ತಲೇ ಹೇಳಿದಳು: "ಅಪ್ಪಾ, ಅದು ಬಾಯಿಂದ ಬಂದದ್ದಷ್ಟ ಒಯ್ತೈತಂತ. ಏನ್ ಬಂದ್ರೂ ನಡಿತೈತಿ. ಕೇಳಾಕ ನಾ ಒಬ್ಬಾಕಿನ ಇರ್ತೇನಿ." ಹನಮಂತ ಗೋಡೆಯ ಕಡೆ ಹೊರಳಿದ. ಅವಳು ಎದ್ದು ಬಂದಳು. ಬಾಗಿಲಿಗೆ ಕೀಲಿ ಹಾಕಬೇಡ ಎಂದು ಅವ್ವನಿಗೆ ಆಣೆ ಮಾಡಿಸಿದ್ದೊಂದೇ ಆದ ಕೆಲಸ.

ಮಂಗಳವಾರ ಒಂದೂ ಹತ್ತು. ನಂಬರು ಎರಡು ಸಲ ತಪ್ಪಾಯಿತು. ಮೂರನೆಯ ಸಲ ಬಾರಿಸಿತು. ನಾಲ್ಕು ರಿಂಗು, ಐದು, ಆರು. ಎತ್ತಿದ ಸದ್ದಾಯಿತು.

"ಅಪ್ಪಾ, ಆರಾಮ ಅದಿ?"

ನಿನ್ನೆಯ ಅದೇ ಮೌನ. ಬಾಗಿಲಾಚೆ ಎದುರಿನ ಬೆಡ್ಡಿಗೆ ಸಲೈನು ಹನಿ ಹನಿಯಾಗಿ ಇಳಿಯುತ್ತಿತ್ತು. ಹತ್ತು ಹನಿ ಎಣಿಸಿದಳು, ಹದಿನೈದು ಎಣಿಸಿದಳು. ಆರಾಮ ಇದ್ದಾನೆ, ಅಲ್ಲಿ ಬಡಿಯುತ್ತಿದ್ದಾನೆ, ನನಗೆ ಕೇಳುತ್ತಿಲ್ಲ ಅಷ್ಟೆ, ಎಂದು ತನಗೆ ತಾನೇ ಹೇಳಿಕೊಂಡಳು. ಖಂಡೆಪ್ಪನಿಗೆ ಹಚ್ಚಲೇ? ಇಪ್ಪತ್ತು ಹನಿ. ಇಡಬಾರದು, ಏನಾದರೂ ಆಗಲಿ ಇಡಬಾರದು ಎಂದು ಕಿಟಕಿಯ ಸರಳು ಹಿಡಿದು ನಿಂತಳು.

"ಹ್... ಆಂ..."

ಎಲ್ಲಿಂದಲೋ ಎಳೆದು ತಂದಂಥ ಒರಟು ದನಿ. ಎರಡು ವರ್ಷ ಮೂರು ತಿಂಗಳು ಅವನು ಹಲ್ಲು ಕಚ್ಚಿ ಯಾರಿಗೂ ಕೇಳಿಸದಂತೆ ಇಟ್ಟುಕೊಂಡದ್ದು. ಅಂದು ಆಸ್ಪತ್ರೆಯಲ್ಲಿ ಪಕ್ಕದ ಬೆಡ್ಡಿನ ಹುಡುಗಿ ಹೆದರಿದ್ದು ಇದಕ್ಕೇ. ಅದು ಈಗ ಒಂದಿಷ್ಟೂ ಮಾಸದೆ, ಉಸಿರು ಸಮೇತ ಅವಳ ಕಿವಿಯೊಳಗೆ ಇತ್ತು. ಆಮೇಲೆ ಮೌನ. ಆ ಮೌನದಲ್ಲಿ ಅವನು ಕಾಯುತ್ತಿದ್ದಾನೆ, ಕಂಬದ ಮೇಲೆ ನಿಂತು ಕಾಯುತ್ತಿದ್ದಂತೆಯೇ ಕಾಯುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು.

ಮೂರನೇ ಬೆಡ್ಡಿನ ಮುದುಕನಿಗಷ್ಟೇ ಅಲ್ಲ, ಇಡೀ ವಾರ್ಡಿಗೆ ಕೇಳುವಂತೆ ಆಮ್ರಪಾಲಿ ಕೂಗಿದಳು:

"ಬಂತಪೋ! ಬಂತು!"